ಮೊರದಗಲದ ದೃಷ್ಟಿಬೊಂಬೆ

ಹಟ್ಟಿಹೊಳೆಯ ಏರು ಮುಗಿಯುವಷ್ಟರಲ್ಲಿ ಪಿಕಪ್ಪಿನ ಬಾನೆಟ್ಟಿನಿಂದ ಮತ್ತೆ ಹಬೆ ಎದ್ದಾಗ ಕೀರ್ತಿಕುಮಾರ ಸ್ಪ್ಯಾನರನ್ನು ರಸ್ತೆಗೆ ಎಸೆದ. ನೀರು ತುಂಬಿದ್ದಾಯಿತು, ಬೆಲ್ಟು ಬಿಗಿ ಮಾಡಿದ್ದಾಯಿತು, ಫ್ಯಾನೂ ಸರಿಯಾಗೇ ತಿರುಗುತ್ತಿದೆ. ಹಿಂದೆ ಹಗ್ಗ ಕಟ್ಟಿ ಎಳೆದು ತಂದಿದ್ದ ಅಣ್ಣನ ಕೆಟ್ಟ ಜೀಪು ಮಾತ್ರ ತಣ್ಣಗೆ ನಿಂತಿತ್ತು. “ನಿನ್ನ ಗುಜರಿ ಎಳೆದೇ ನನ್ನ ಹೊಸ ಗಾಡಿ ಹಾಳಾಯ್ತು!” ಎಂದು ಕಿರುಚಿದ.

ಅಣ್ಣ ವಿರೂಪಾಕ್ಷ ಜೀಪಿನಿಂದಿಳಿದು ಪಿಕಪ್ಪಿನ ಮುಂದೆ ಬಂದು ಬಗ್ಗಿದ. ಗಾಳಿ ಒಳಗೆ ಹೋಗುವ ಜಾಲರಿಯನ್ನೇ ಮುಚ್ಚಿಕೊಂಡು ಮೊರದಗಲದ ದೃಷ್ಟಿಬೊಂಬೆಯೊಂದು ಕೆಂಪು ನಾಲಗೆ ಚಾಚಿತ್ತು. “ಖಾಲಿ ಗಾಡಿಗೆ ಹೆಂಗೋ ನಡೀತದೆ. ಭಾರ ಎಳೆಯುವಾಗ ರೇಡಿಯೇಟರಿಗೆ ಗಾಳಿ ಬೇಡವೇನೋ? ನಾನು ಗಾಡಿ ನೋಡೋಕೆ ಬಂದಾಗ ಇದು ಇರಲಿಲ್ಲವಲ್ಲ!” ಎನ್ನುತ್ತಾ ತಂತಿ ಬಿಚ್ಚತೊಡಗಿದ.

ಇರಲಿಲ್ಲ. ಅವತ್ತು ಅಣ್ಣ ಗಾಡಿಗೆ ಒಂದು ಸುತ್ತು ಬಂದು, ಬಾಗಿಲು ಸವರಿ, “ಭಾಳ ಚೆನ್ನಾಗದೆ ಕಣೋ” ಅಂದಿದ್ದ. ಅವನು ಗೇಟು ದಾಟಿದ್ದೇ ತಡ, ಕೀರ್ತಿಕುಮಾರ ಸೋಮವಾರಪೇಟೆಗೆ ಹೋಗಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬೊಂಬೆಯನ್ನು ತಂದು ಕಟ್ಟಿದ್ದ.

ವಿರೂಪಾಕ್ಷ ಬೊಂಬೆಯ ಧೂಳನ್ನು ತನ್ನ ಶರ್ಟಿನ ಅಂಚಿನಿಂದ ಒರೆಸಿ ತಮ್ಮನ ಕೈಗಿಟ್ಟ.

“ಎಷ್ಟು ದೊಡ್ಡದು ತಂದಿದ್ದೀಯಪ್ಪಾ! ಯಾರ ಕಣ್ಣಿಗೆ ಇಷ್ಟು ಹೆದರಿದ್ದೆ, ಕೀರ್ತಿ?”