ಹಬೆಯ ಒಕ್ಕಣೆ

ಪಿಳ್ಳಪ್ಪನ ರೇಷ್ಮೆಹುಳು ಮನೆಯನ್ನು ನೋಡಿಕೊಳ್ಳುತ್ತಿದ್ದುದು ಒಂದು ಯಂತ್ರದಾಳು. ಊರಿನ ಎಲ್ಲ ಯಂತ್ರದಾಳುಗಳಂತೆ ಅದಕ್ಕೂ ಒಕ್ಕಣೆಯೇ ಕಣ್ಣು. ಯಾವ ಉಪಕರಣಕ್ಕೆ ಏನು ಬರೆದಿದೆಯೋ ಅಷ್ಟೇ ಗೊತ್ತು. ಅಲ್ಲಿ ಎರಡು ಕೊಳವೆಗಳಿದ್ದವು. ಒಂದು ಕೋಣೆಗೆ ತೇವ ಕೊಡಲು, ಇನ್ನೊಂದು ಗೂಡು ಕಟ್ಟಿದ ಹುಳುಗಳನ್ನು ಸಾಯಿಸಲು. ಎರಡಕ್ಕೂ ಪಿಳ್ಳಪ್ಪ ‘ಹಬೆ ಬಿಡುತ್ತದೆ’ ಎಂದು ಬರೆದು ಸುಮ್ಮನಾಗಿದ್ದ. ನಿನ್ನೆ ಹೆಂಡತಿ ಪಾಪಕ್ಕ ಅದನ್ನು ತಿದ್ದಲು ಕೂತಾಗ, “ಒಂದು ಕೊಳವೆಗೆ ಇಷ್ಟುದ್ದ ಪುರಾಣ ಬೇಕೇನೇ?” ಎಂದು ನಕ್ಕಿದ್ದ.

ಇವತ್ತು ಒಣಗಾಳಿ ಬೀಸುತ್ತಿತ್ತು. ಇಬ್ಬರೂ ಹಿಪ್ಪುನೇರಳೆ ತೋಟದಲ್ಲಿದ್ದಾಗ ಹುಳುಮನೆಯಿಂದ ಬುಸ್ಸೆಂದು ಸದ್ದು ಬಂತು. ಪಿಳ್ಳಪ್ಪ ಸೊಪ್ಪಿನ ಹೊರೆ ಬಿಸಾಡಿ ಓಡಿದ್ದೇ ಓಡಿದ್ದು.

ಬಾಗಿಲು ತೆಗೆದರೆ ಒಳಗೆಲ್ಲ ಹಿತವಾದ ತೇವ. ತಟ್ಟೆಗಳಲ್ಲಿ ಹುಳುಗಳು ಚರಚರನೆ ಸೊಪ್ಪು ಮೇಯುತ್ತಿದ್ದವು.

“ಕೋಣೆ ಒಣಗಿತ್ತು, ತೇವದ ಕೊಳವೆ ತೆರೆದೆ,” ಎಂದಿತು ಯಂತ್ರದಾಳು. “ಇನ್ನೊಂದರದ್ದು ಜೀವ ತೆಗೆಯೋ ಬಿಸಿ, ಹುಳು ಮೇಯುವಾಗ ಮುಟ್ಟಬೇಡ ಅಂತ ಅಮ್ಮಾವ್ರು ಬರೆದಿದ್ದಾರೆ.”

ಪಿಳ್ಳಪ್ಪ ಹೊಸ್ತಿಲ ಮೇಲೇ ಕೂತುಬಿಟ್ಟ. ಪಾಪಕ್ಕ ಏದುಸಿರಿನಲ್ಲಿ ಬಂದು ಪಕ್ಕದಲ್ಲಿ ನಿಂತಳು. ಒಳಗೆ ಇಣುಕಿ ಅವಳು ನಗುವಷ್ಟರಲ್ಲಿ ಅವನು ದಡಬಡಿಸಿ ಎದ್ದ.

“ಬಾರೇ ಬೇಗ, ತೋಟದ ಕೀಟ ಸಾಯ್ಸೋ ಔಷ್ದಿ ಪಂಪಿಗೂ ನಿನ್ ಪುರಾಣ ಬರಿ! ‘ಸೊಪ್ಪಿಗೆ ಚಿಮುಕಿಸುತ್ತದೆ’ ಅಂತ ಮಾತ್ರ ಬರ್ದಿದೀನಿ.”