ಭಾನುವಾರದ ಚೀಲ

ಮುದುಕನ ಕೆನ್ನೆಗೆ ನೊರೆ ಹಚ್ಚಿ ಆಗಿತ್ತು. ಕೈ ಚಾಚಿದರೆ ರೇಜರ್ ಇರಲಿಲ್ಲ.

ಅದು ಎಲ್ಲಿರುತ್ತದೆಂದು ಅಗ್ರಿಪೀನಾಳಿಗೆ ಗೊತ್ತಿತ್ತು.

“ಏನು ಪೀನಾ, ಕತ್ತಿ ಕಳಕೊಂಡ್ಯಾ?” ಕನ್ನಡಿಯೊಳಗಿಂದ ಎವರಿಸ್ತೋ ಕೇಳಿದ. ವಯಸ್ಸು ಎಂಬತ್ತಮೂರು, ಕಣ್ಣು ಮಾತ್ರ ಗಿಡುಗನದು.

“ಕೂತಿರಿ ಯಜಮಾನ್ರೇ, ತರ್ತೀನಿ.”

ಅಡುಗೆಮನೆಯ ಹಿಂದಿನ ತನ್ನ ಕೋಣೆಗೆ ಹೋಗಿ ಮಂಚದಡಿಯ ಚೌಕುಳಿ ಚೀಲವನ್ನು ಎಳೆದಳು. ಭಾನುವಾರ ಬಂತೆಂದರೆ ಊರಾಚೆಯ ಮೈದಾನಕ್ಕೆ ವಾಸಿಲೆಯ ವ್ಯಾನು ಬರುತ್ತದೆ. ಮುದುಕರ ಜೊತೆಗಿರಲೆಂದು ಮೊಲ್ದೋವಾದಿಂದ ಇಟಲಿಗೆ ಬಂದ ಹೆಂಗಸರೆಲ್ಲ ತಂತಮ್ಮ ಮನೆಗೆ ಕಾಫಿಪುಡಿ, ಎಣ್ಣೆ, ಮೊಮ್ಮಕ್ಕಳ ಬಟ್ಟೆ ಕಳಿಸುವುದು ಅದರಲ್ಲೇ. ಇವತ್ತು ಕಾಫಿ ಪೊಟ್ಟಣಗಳ ನಡುವೆ ರೇಜರ್ ಮಲಗಿತ್ತು. ಪಕ್ಕದಲ್ಲಿ ಮುದುಕ ದಿನಾ ಸೂಪ್ ಕುಡಿಯುವ ಬೆಳ್ಳಿ ಚಮಚ. ಅಡಿಯಲ್ಲಿ ಉಣ್ಣೆ ಬನಿಯನ್, ತೀರಿಹೋದ ಹೆಂಡತಿಯ ಫೋಟೊ.

ಇದು ನಾಲ್ಕನೆಯ ಭಾನುವಾರ. ಪ್ರತಿ ಸಲವೂ ಅವಳು ಸದ್ದಿಲ್ಲದೆ ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸಿದ್ದಳು. ಪ್ರತಿ ಸಲವೂ ಅವು ತಿರುಗಿ ಬಂದಿದ್ದವು.

ಇಡುವವನು ಮುದುಕನೇ ಎಂದು ಗೊತ್ತಿದ್ದರೂ ಕೇಳಲು ಬಾಯಿ ಬರುತ್ತಿರಲಿಲ್ಲ. ಇವಳಿಗಿಂತ ಮುಂಚೆ ಮೂವರು ಕೆಲಸದವರನ್ನು ಓಡಿಸಿದ ಮನುಷ್ಯ. ಕೊನೆಯವಳ ಚೀಲದಲ್ಲಿ ಕಿವಿಯೋಲೆ ಸಿಕ್ಕಿತಂತೆ. ಆಮೇಲೆ ಈ ಊರಲ್ಲಿ ಯಾರೂ ಅವಳಿಗೆ ಬಾಗಿಲು ತೆರೆಯಲಿಲ್ಲವಂತೆ. ಒಮ್ಮೆ ಕಳ್ಳಿ ಎನಿಸಿಕೊಂಡರೆ ಮುಗಿಯಿತು, ಹೆಸರು ಕಾಲಿಗಿಂತ ಮುಂದೆ ಓಡುತ್ತದೆ.

ಈಚೆಗೆ ಮುದುಕನ ಪ್ರಶ್ನೆಗಳೂ ಹೆಚ್ಚಾಗಿದ್ದವು. ನಿಮ್ಮೂರಲ್ಲಿ ಚಳಿ ಎಷ್ಟು? ಮನೆಮುಂದೆ ಮೆಟ್ಟಿಲು ಎಷ್ಟು? ನಾಲ್ಕು ಎಂದರೆ ಮುಖ ಸಿಂಡರಿಸಿದ. ಹೋದ ವಾರ ಕೋಲೂರಿಕೊಂಡು ಮೈದಾನಕ್ಕೇ ಬಂದು, ವಾಸಿಲೆಯನ್ನು ಬದಿಗೆ ಕರೆದು ಏನೋ ವಿಚಾರಿಸಿದ್ದ. ಅವಳ ಚೀಲದಲ್ಲಿ ಏನೇನು ಹೋಗುತ್ತದೆ ಎಂದಲ್ಲದೆ ಇನ್ನೇನು?

ಅವಳ ಏಪ್ರನ್ ಜೇಬಿನಲ್ಲಿ ಒಂದು ಕಾಗದವಿತ್ತು. ತಂಗಿ ದೋಕಿಯಾಗೆ ಕ್ರಿಸ್ಮಸ್ಸಿನಲ್ಲೇ ಬರೆದದ್ದು: ಈಸ್ಟರ್‌ಗೆ ಪೂರ್ತಿಯಾಗಿ ಊರಿಗೆ ಬಂದುಬಿಡುತ್ತೇನೆ. ಪ್ರತಿ ಭಾನುವಾರ ಅದನ್ನು ವ್ಯಾನಿನವರೆಗೆ ಒಯ್ಯುವುದು, ವಾಪಸ್ ತರುವುದು. ನಾಳೆ ಈ ಮುದುಕನ ಗಡ್ಡ ಹೆರೆಯುವವರು ಯಾರು ಎಂಬಲ್ಲಿಗೆ ಬಂದು ಕೈ ಹಿಂದೆ ಸರಿಯುತ್ತಿತ್ತು. ಇವತ್ತು ಕೊಟ್ಟೇಬಿಡಬೇಕು, ಕಳ್ಳಿಯಾಗುವ ಮೊದಲು.

“ಏನದು ಕೈಯಲ್ಲಿ?”

ಬಾಗಿಲಲ್ಲಿ ಎವರಿಸ್ತೋನ ಮಗಳು ಓರ್ನೆಲ್ಲಾ. ಭಾನುವಾರದ ಊಟಕ್ಕೆ ಬರುವವಳು ಇವತ್ತು ಒಂದು ತಾಸು ಮೊದಲೇ ಬಂದಿದ್ದಳು. ಚೀಲವನ್ನು ಕಸಿದು ಮಂಚದ ಮೇಲೆ ಕೊಡವಿದಳು. ಕಾಫಿ ಪೊಟ್ಟಣ ಉರುಳಿತು. ಚಮಚ ನೆಲಕ್ಕೆ ಬಿದ್ದು ಖಣ್ ಎಂದಿತು. ಕೊನೆಗೆ ಮುದುಕನ ಗುರುತಿನ ಚೀಟಿ ಜಾರಿತು. ಅದನ್ನು ಅಗ್ರಿಪೀನಾ ಕೂಡ ನೋಡಿರಲಿಲ್ಲ.

“ನಮ್ಮಮ್ಮನ ಫೋಟೊನೂ ಬಿಡಲಿಲ್ವಲ್ಲೇ! ಸಂತೇಲಿ ಮಾರ್ತೀಯಾ ಇದನ್ನ?”

“ನಾನಲ್ಲ ಅಮ್ಮಾ...” ನಿಮ್ಮಪ್ಪ ಎಂದರೆ ಯಾರು ನಂಬುತ್ತಾರೆ?

“ಪೊಲೀಸರ ಮುಂದೆ ಹೇಳು.” ಓರ್ನೆಲ್ಲಾ ಫೋನ್ ತೆಗೆದಳು.

ಕೋಲಿನ ಸದ್ದು. ಎವರಿಸ್ತೋ ಬಂದು ನಿಂತ. ತಲೆಗೆ ಟೋಪಿ, ಗುಂಡಿ ತಪ್ಪಿಸಿ ಹಾಕಿದ ಕೋಟು, ಕೆನ್ನೆಯಲ್ಲಿ ಒಣಗಿದ ನೊರೆ.

“ಫೋನ್ ಇಡೇ. ಅದು ನನ್ನ ಗಂಟು.”

“ಅಪ್ಪಾ?”

ಅವನು ಮಗಳತ್ತ ನೋಡದೆ ಅಗ್ರಿಪೀನಾಳತ್ತ ತಿರುಗಿದ.

“ವಾರವಾರ ಚೀಲ ಕಳಿಸ್ತೀಯ, ಸ್ವಲ್ಪಸ್ವಲ್ಪವೇ ಇಲ್ಲಿಂದ ಕಾಲು ಕೀಳ್ತಿದ್ದೀಯ. ನಂಗೇನು ಕಾಣಲ್ವಾ? ಮೊದಲು ಸಾಮಾನು ಹೋಗುತ್ತೆ, ಆಮೇಲೆ ಮನುಷ್ಯರು, ಅಂದ ವಾಸಿಲೆ. ಅದಕ್ಕೆ ನಾನೂ ನಂದಿಟ್ಟೆ. ನೀನೋ, ಪ್ರತಿ ಸಲ ತೆಗೆದು ಆಚೆ ಇಡ್ತೀಯ.” ನೆಲದ ಮೇಲಿನ ಚಮಚವನ್ನು ಕೋಲಿನಿಂದ ತೋರಿಸಿದ. “ಬರಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳು ಪೀನಾ. ಹೀಗೆ ಚಮಚ ವಾಪಸಿಟ್ಟು ಹೇಳಬೇಡ.”

ಓರ್ನೆಲ್ಲಾ ಫೋನ್ ಕೆಳಗಿಟ್ಟು, ರೇಜರ್ ಎತ್ತಿ ಅಗ್ರಿಪೀನಾಳ ಕೈಗೆ ಕೊಟ್ಟಳು. ಎರಡೂ ಕೆನ್ನೆ ಬಾಕಿ ಇದ್ದವು.

ಮಧ್ಯಾಹ್ನ ವ್ಯಾನು ಹೊರಡುವ ಮೊದಲು ಅಗ್ರಿಪೀನಾ ಲಕೋಟೆ ಬಿಚ್ಚಿ, ಕಾಗದದ ಕೊನೆಗೆ ಒಂದೇ ಸಾಲು ಸೇರಿಸಿ, ವಾಸಿಲೆಯ ಕೈಗಿತ್ತಳು: ಮನೆಮುಂದಿನ ನಾಲ್ಕು ಮೆಟ್ಟಿಲಿಗೂ ಹಿಡಿಕಂಬಿ ಹಾಕಿಸು, ದೋಕಿಯಾ.