ಮಿಸೆಸ್ ಜಯಪಾಲ

"ಮಿಸೆಸ್ ಜಯಪಾಲ, ಇನ್ನೂ ಒಂದು ಸಿಕ್ಕಿತು ನೋಡಿ," ಎನ್ನುತ್ತ ವಿಟನ್‌ಬೆಕ್ ಸಾಹೇಬರು ಗಾಜಿನ ಕೋಣೆಯಿಂದ ಹೊರಬಂದು, ಹಳೆಯ ಚರ್ಚ್ ದಾಖಲೆಯೊಂದರ ಪ್ರತಿಯನ್ನು ಭವ್ಯಶ್ರೀಯ ಮೇಜಿನ ಮೇಲಿಟ್ಟರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಪೈಪ್ ಕಾರ್ಖಾನೆಗೆ ಅವರು ಯಜಮಾನರು, ಅವಳು ಸೆಕ್ರೆಟರಿ. ಮೂರು ತಿಂಗಳಿಂದ ಅವಳು ಟೈಪ್ ಮಾಡುತ್ತಿದ್ದದ್ದು ಮಾತ್ರ ಅವರ ಮನೆತನದ ಚರಿತ್ರೆ.

ಅವರ ಹಿರಿಯರು ಯಾವುದೋ ಬಿಳಿ ತೊರೆಯ ದಡದಲ್ಲಿದ್ದವರಂತೆ, ಅದಕ್ಕೇ ವಿಟನ್‌ಬೆಕ್. ನಾನೂರು ವರ್ಷಗಳಲ್ಲಿ ಪಾದ್ರಿಗಳೂ ಗುಮಾಸ್ತರೂ ಕಿವಿಗೆ ಬಿದ್ದಂತೆ ಬರೆದು ಅದು ವಿಟಂಬೆಕ್, ವೀಡನ್‌ಬಾಕ್, ವಿಟ್‌ಬೇಕ್ ಎಲ್ಲ ಆಗಿತ್ತು. ಇವತ್ತಿನದು ಹತ್ತೊಂಬತ್ತನೆಯದು.

"ಇದರಲ್ಲಿ ಸರಿ ಯಾವುದು ಸರ್?"

"ಎಲ್ಲವೂ. ಹೇಗೆ ಬರೆದರೂ ನಮ್ಮದೇ," ಎಂದು ನಕ್ಕು ಸಾಹೇಬರು ಒಳಗೆ ಹೋದರು. ಹತ್ತೊಂಬತ್ತು ಹೆಸರಿದ್ದವರಿಗೆ ನಗುವುದೇನು ಕಷ್ಟ.

ಫೋನ್ ಬಂತು. ಕಾರ್ಕಳದಿಂದ ಅವಳ ಅಮ್ಮ ಅಕ್ಕು. ಭವ್ಯಶ್ರೀಗೆ ಆಗ ಎಂಟು ತಿಂಗಳು. ಗಂಡನಿಗೆ ರಜೆ ಇಲ್ಲ, ಬಾಣಂತನಕ್ಕೆ ಅಮ್ಮನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ.

"ವೀಸಾ ಆಗುದಿಲ್ಲವಂತೆ ಮಗಾ. ಪಾಸ್‌ಪೋರ್ಟಲ್ಲಿ ಅಕ್ಕು ಅಂತ ಒಂದೇ ಹೆಸರಿದ್ರೆ ಆ ಊರಿಗೆ ಬಿಡುದಿಲ್ಲವಂತೆ. ಸರ್‌ನೇಮ್ ಬೇಕಂತೆ."

"ಏನಾದ್ರೂ ಸೇರಿಸಮ್ಮ."

"ಅಮ್ಮನ ಕಡೆಯಿಂದ ಬಂದ ನಮ್ಮ ಬಳಿ, ಆ ಕುಲದ ಹೆಸರು ಹಾಕು ಅಂದೆ. ಏಜೆಂಟ್ ಗಂಡನದ್ದೇ ಆಗ್ಬೇಕು ಅಂತಾನೆ. ನಿನ್ನನ್ನು ಹೆತ್ತಾಗ ಮುಖ ನೋಡ್ಲಿಕ್ಕೂ ಬಾರದೆ ಬೊಂಬಾಯಿಯಲ್ಲಿ ಇನ್ನೊಂದು ಸಂಸಾರ ಮಾಡಿದ ಆ ಜಯಪಾಲನ ಹೆಸರು ಹೊತ್ಕೊಂಡು ನಾನು ನಿನ್ನ ಬಾಣಂತನಕ್ಕೆ ಬರುದಾ? ಬೀಡಿ ಕಟ್ಟಿ ಸಾಕಿದ್ದು ನಾನು."

ಇಲ್ಲಿಗೆ ಬರುವ ಮುನ್ನ, ಇದೇ ವೀಸಾಕ್ಕಾಗಿ ತನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದು ಅಪ್ಪನ ಹೆಸರು ತುಂಬಿದ್ದನ್ನು ಭವ್ಯಶ್ರೀ ಅಮ್ಮನಿಗೆ ಹೇಳಿರಲೇ ಇಲ್ಲ.

"ಕಾಗದಕ್ಕೆ ಮಾತ್ರ ಅಲ್ವಾ ಅಮ್ಮ," ಎಂದಳು. "ಆ ಹೆಸರಲ್ಲಿ ಯಾರೂ ಕರೆಯುದಿಲ್ಲ."

ಗಾಜಿನ ಬಾಗಿಲು ತೆರೆಯಿತು. ಸಾಹೇಬರದು ದೊಡ್ಡ ಗಂಟಲು.

"ಮಿಸೆಸ್ ಜಯಪಾಲ, ಆ ಪುಟ ಆಯಿತೇ?"

"ಯೆಸ್ ಸರ್." ಅಭ್ಯಾಸದಿಂದ ಬಾಯಿಗೆ ತಾನೇ ಬಂದುಬಿಟ್ಟಿತು.

ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಅಕ್ಕು, "ಹಾಗಾದ್ರೆ ಬಾಣಂತನಕ್ಕೂ ಅವನನ್ನೇ ಕರೆಸ್ಕೋ," ಎಂದಳು.